ಯಾವ ರೆಕಾರ್ಡ್ ಪ್ಲೇಯರ್ ಕೊಳ್ಳಲಿ?

ಪ್ರಶ್ನೆ: ನಮ್ಮಲ್ಲಿ ಅಜ್ಜನ ಕಾಲದ ಎಲ್‌ಪಿಗಳೂ (ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಗಳು) ಕೆಲವು 78ರ (ನಿಮಿಷಕ್ಕೆ 78 ಸುತ್ತಿನ) ತಟ್ಟೆಗಳೂ ಇವೆ. ಸ್ಪೀಕರ್ ಒಳಗೇ ಇರುವ ಸೂಟ್‌ಕೇಸ್ ಮಾದರಿಯ ಪ್ಲೇಯರ್ ಸಾಕಾದೀತೇ?

ಉತ್ತರ: ಸಾಲದು ಎಂದೇ ನನ್ನ ಅಭಿಪ್ರಾಯ. ನೀವು ಮೊದಲು ವಿಚಾರಿಸಬೇಕಾದದ್ದು ವೇಗವನ್ನು, ಏಕೆಂದರೆ ಈಗಿನ ಅನೇಕ ಪ್ಲೇಯರ್‌ಗಳು ನಿಮಿಷಕ್ಕೆ 33⅓ ಮತ್ತು 45 ಸುತ್ತುಗಳಲ್ಲಿ ಮಾತ್ರ ತಿರುಗುತ್ತವೆ. 78ರ ವೇಗ ಇದ್ದರೂ ಅದಕ್ಕೆ ಮುಳ್ಳು ಬೇರೆಯೇ ಬೇಕು. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್ ಇದ್ದರೆ, ಅಗಲವಾದ ಗೀರಿನ 78ರ ತಟ್ಟೆಗೆ ಸುಮಾರು 70 ಮೈಕ್ರಾನ್‌ನದು ಬೇಕಾಗುತ್ತದೆ. ಸಣ್ಣ ಮುಳ್ಳು ಗೀರಿನ ತಳಕ್ಕಿಳಿದು ಅಲ್ಲಿನ ಕೊಳೆಯನ್ನು ಕೆರೆಯುವುದರಿಂದ ಹಾಡಿಗಿಂತ ಗರಗರ ಸದ್ದೇ ಹೆಚ್ಚು ಕೇಳಿಸುತ್ತದೆ. ಆದ್ದರಿಂದ ಮುಳ್ಳನ್ನು ಅಥವಾ ಅದನ್ನು ಹಿಡಿದಿರುವ ಪುಟ್ಟ ಭಾಗವಾದ ಕಾರ್ಟ್ರಿಜ್ಜನ್ನು ಸುಲಭವಾಗಿ ಬದಲಿಸಬಹುದಾದ ಪ್ಲೇಯರನ್ನೇ ಆರಿಸಿಕೊಳ್ಳಿ.

ಸೂಟ್‌ಕೇಸ್ ಮಾದರಿಗಳಲ್ಲಿ ಸ್ಪೀಕರಿನ ಕಂಪನ ಮುಳ್ಳಿಗೂ ತಲುಪುತ್ತದೆ. ಮುಳ್ಳಿನ ಒತ್ತಡವನ್ನು ಹೊಂದಿಸುವ ಸೌಲಭ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ತೋಳಿನ ಹಿಂದೆ ತಿರುಗಿಸಬಹುದಾದ ತೂಕವಿರುವ ಪ್ಲೇಯರ್‌ನಲ್ಲಿ, ಎಲ್‌ಪಿಗಳಿಗೆ ಬಳಸುವ ಮ್ಯಾಗ್ನೆಟ್ ಕಾರ್ಟ್ರಿಜ್‌ಗಳಿಗೆ ತಯಾರಕರು ಹೇಳುವ ಒತ್ತಡವನ್ನು, ಅಂದರೆ ಸಾಮಾನ್ಯವಾಗಿ 1.5ರಿಂದ 2 ಗ್ರಾಂ ಆಸುಪಾಸನ್ನು, ನೀವೇ ಹೊಂದಿಸಬಹುದು. ಅಜ್ಜನ ತಟ್ಟೆಗಳು ಮತ್ತೆ ಸಿಗುವಂಥವಲ್ಲವಾದ್ದರಿಂದ ಈ ಒಂದು ಸೌಲಭ್ಯವನ್ನು ದಯವಿಟ್ಟು ಬಿಟ್ಟುಕೊಡಬೇಡಿ.

ತಟ್ಟೆಯನ್ನು ತಿರುಗಿಸಲು ಬೆಲ್ಟೋ ನೇರ ಮೋಟಾರೋ ಎಂಬ ಚರ್ಚೆ ಮನೆಯ ಕೇಳ್ಮೆಗೆ ಅಷ್ಟು ಮುಖ್ಯವಲ್ಲ. ಆದರೆ ನಿಮ್ಮ ಆಂಪ್ಲಿಫೈಯರ್‌ನಲ್ಲಿ ಫೋನೋ ಇನ್‌ಪುಟ್ (ರೆಕಾರ್ಡ್ ಪ್ಲೇಯರ್ ಜೋಡಿಸುವ ಜಾಗ) ಇಲ್ಲದಿದ್ದರೆ, ಪ್ರೀಆಂಪ್ (ಕಾರ್ಟ್ರಿಜ್‌ನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಭಾಗ) ಒಳಗೇ ಇರುವ ಪ್ಲೇಯರನ್ನು ಕೊಳ್ಳಿರಿ.