ಓದುಗರ ಪ್ರಶ್ನೆ: ಬೊಜ್ಜು, ಹೃದಯ ಮತ್ತು ಅಗಸೆ ಪುಡಿ

ಪ್ರಶ್ನೆ: ವಯಸ್ಸು 46, ಗಂಡಸು. ಎತ್ತರ 165 ಸೆಂ.ಮೀ., ತೂಕ 92 ಕೆ.ಜಿ. ಬಿ.ಪಿ. ಮಾತ್ರೆ, ಆಸ್ಪಿರಿನ್ ನಡೆದಿವೆ. ಎರಡು ತಿಂಗಳಿಂದ ಕುಂದುವಾಡ ಕೆರೆ ಏರಿ ಮೇಲೆ ನಡೆಯುತ್ತಿದ್ದರೂ ತೂಕ ಇಳಿದಿಲ್ಲ. ಅಗಸೆ, ಇಸಬ್‌ಗೋಲ್, ಬೆಳ್ಳುಳ್ಳಿ ಕ್ಯಾಪ್ಸೂಲ್ ಶುರು ಮಾಡಲೇ?
– ಓದುಗರು, ದಾವಣಗೆರೆ

ಉತ್ತರ: ನಡೆದದ್ದು ದಂಡವಾಗಿಲ್ಲ. ಹೊಟ್ಟೆಯೊಳಗಿನ ಕೊಬ್ಬು ತೂಕ ಇಳಿಯದೆಯೂ ಕರಗಬಹುದು. ತಕ್ಕಡಿಗೆ ಕಾಣದ್ದು ಟೇಪಿಗೆ ಸಿಕ್ಕೀತು. ತಿಂಗಳಿಗೊಮ್ಮೆ, ಉಸಿರು ಬಿಟ್ಟ ಮೇಲೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಳತೆ ತೆಗೆಯಿರಿ. ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ.

ಹರಟುತ್ತ ನಡೆದರೆ ಸಾಲದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ಬಿರುಸು ಬೇಕು. ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ಕೊನೆಯ 5 ನಿಮಿಷ ನಿಧಾನಿಸಿ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ನಿಂತು ತಲೆ ಸುತ್ತುತ್ತದೆ, ಬಿ.ಪಿ. ಮಾತ್ರೆಯವರಿಗೆ ಇನ್ನೂ ಬೇಗ. ವಾರಕ್ಕೆರಡು ದಿನ ಕೈ ಊರದೆ ಕುರ್ಚಿಯಿಂದ 10 ಸಲ ಎದ್ದು ಕೂರಿ, ಎರಡು ಸುತ್ತು. ಉಸಿರು ಬಿಗಿ ಹಿಡಿದರೆ ಬಿ.ಪಿ. ಏರುತ್ತದೆ.

ಇನ್ನು ತೂಕದ ಮಾತು. ಅರ್ಧ ಗಂಟೆಯ ನಡಿಗೆಯಲ್ಲಿ ನಿಮಗೆ ಕರಗುವುದು 150–200 ಕ್ಯಾಲೊರಿ. ಬರೀ 30 ಗ್ರಾಂ ಬೆಣ್ಣೆಯಲ್ಲಿ 215 ಇದೆ. ವಾಕಿಂಗ್ ಮುಗಿಸಿ ನೇರ ಬೆಣ್ಣೆದೋಸೆ ಹೋಟೆಲಿಗೆ ಹೋಗುವವರು ನಮ್ಮೂರಲ್ಲಿ ಕಡಿಮೆಯೇನಿಲ್ಲ!

ಅಗಸೆ ಒಳ್ಳೆಯದೇ, ದಿನಕ್ಕೆ ಒಂದು ದೊಡ್ಡ ಚಮಚ. ಇಡೀ ಬೀಜ ಅರಗದೆ ಹೊರಹೋಗುತ್ತದೆ, ಹಾಗಾಗಿ ಹದವಾಗಿ ಹುರಿದು ಪುಡಿ ಮಾಡಿ, ವಾರಕ್ಕಾಗುವಷ್ಟೇ. ಹಳೆಯದಾದರೆ ಎಣ್ಣೆ ಕಮಟುತ್ತದೆ. ಚಟ್ನಿಪುಡಿ ಮಾಡಿದರೆ ಉಪ್ಪಿನ ಮೇಲೆ ಕಣ್ಣಿರಲಿ. ಇಸಬ್‌ಗೋಲ್ ಕೆಟ್ಟ ಕೊಲೆಸ್ಟ್ರಾಲನ್ನು ಸ್ವಲ್ಪ ಇಳಿಸುತ್ತದೆ: 5 ಗ್ರಾಂ, ತುಂಬಿದ ಲೋಟ ನೀರಿಗೆ, ಕಲಸಿದ ಕೂಡಲೇ ಕುಡಿಯಬೇಕು. ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಬೆಳ್ಳುಳ್ಳಿ ಒಗ್ಗರಣೆಗೆ ಸರಿ. ಕ್ಯಾಪ್ಸೂಲ್ ಆಸ್ಪಿರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯ, ಬೇಡ. 'ಕೊಬ್ಬು ಕರಗಿಸುವ' ಗ್ರೀನ್ ಟೀ ಸಾರದ, ಗಾರ್ಸೀನಿಯಾದ (ಉಪ್ಪಾಗೆ ಹಣ್ಣಿನ ಸಾರದ) ಮಾತ್ರೆಗಳು ಕೆಲವರ ಯಕೃತ್ತು ಕೆಡಿಸಿವೆ, ಮುಟ್ಟಲೇಬೇಡಿ.

ಪ್ರಶ್ನೆ: ನನಗೂ ಬೊಜ್ಜಿದೆ. ಭಾನುವಾರ ಮಾತ್ರ ಕೋಟೆ ಹತ್ತಿದರೆ ಸಾಕೇ?
– ಓದುಗರು, ಚಿತ್ರದುರ್ಗ

ಉತ್ತರ: ಆರು ದಿನ ಕೂತು ಏಳನೇ ದಿನ ಒಮ್ಮೆಗೇ ಏರು ಹತ್ತಬೇಡಿ. ಮೊದಲು ಆರು ವಾರ ಸಮತಟ್ಟಿನಲ್ಲಿ ನಡೆಯಿರಿ. ಹತ್ತುವಾಗ ಎದೆ ಬಿಗಿದು, ನೋವು ದವಡೆಗೋ ಎಡಗೈಗೋ ಹರಿದು, ತಣ್ಣನೆ ಬೆವರಿದರೆ ಅಲ್ಲೇ ಕೂತು 108ಕ್ಕೆ ಕರೆ ಮಾಡಿ. ಗ್ಯಾಸು ಅಂದುಕೊಂಡು ಸೋಡಾ ಕುಡಿದು ಇಳಿಯಲು ಹೋಗಬೇಡಿ.