ಹೆಂಗಸರು ಗಂಡಾಳ್ವಿಕೆಯನ್ನು ಪ್ರಶ್ನಿಸಲು ಶುರು ಮಾಡಿದ್ದು ಸೋಷಿಯಲ್ ಮೀಡಿಯಾ ಬಂದ ಮೇಲೆ ಅಲ್ವಾ?

ಅಲ್ಲ. 1905ರಲ್ಲೇ ಬಂಗಾಳದ ಬೇಗಂ ರೊಕೆಯಾ ಈ ಕೆಲಸ ಮಾಡಿದ್ದರು, ಅದೂ ನಗಿಸುತ್ತಾ.

ರೊಕೆಯಾ ಹುಟ್ಟಿದ್ದು 1880ರಲ್ಲಿ, ಈಗಿನ ಬಾಂಗ್ಲಾದೇಶದ ರಂಗಪುರದ ಕಡೆ. ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬಂಗಾಳಿ, ಇಂಗ್ಲಿಷ್ ಕಲಿಸುತ್ತಿರಲಿಲ್ಲ. ಅಣ್ಣ ರಾತ್ರಿ ಹೊತ್ತು ಕದ್ದು ಹೇಳಿಕೊಟ್ಟ. ಆಮೇಲೆ ಅವರು ಇಂಗ್ಲಿಷಿನಲ್ಲೇ ‘ಸುಲ್ತಾನಾಸ್ ಡ್ರೀಮ್’ ಎಂಬ ಕಥೆ ಬರೆದರು. ಅದು ಅಚ್ಚಾದದ್ದು ಮದ್ರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ. ಕಥೆಯಲ್ಲಿ ಎಲ್ಲ ಉಲ್ಟಾ: ಗಂಡಸರು ಪರದೆಯೊಳಗೆ, ಅಂದರೆ ಹೊರಗಿನವರ ಕಣ್ಣಿಗೆ ಬೀಳದಂತೆ ಮನೆಯೊಳಗೆ; ಹೆಂಗಸರು ರಾಜ್ಯಭಾರದಲ್ಲಿ. ಅಡುಗೆ ಬಿಸಿಲಿನ ಶಾಖದಲ್ಲಿ! ಓದಿದ ಗಂಡ ‘ಭಯಂಕರ ಸೇಡು’ ಎಂದರಂತೆ. ಅವರದ್ದು ಮೆಚ್ಚುಗೆಯೇ ಬಿಡಿ.

ನನಗೆ ಜಾಸ್ತಿ ಇಷ್ಟವಾಗುವುದು ಅವರ ಶಾಲೆಯ ಬಸ್ಸಿನ ಪ್ರಸಂಗ. ಗಂಡ ತೀರಿಕೊಂಡ ಮೇಲೆ, 1911ರಲ್ಲಿ ಕಲ್ಕತ್ತಾದಲ್ಲಿ ಎಂಟು ಹುಡುಗಿಯರಿಗೆ ಶಾಲೆ ತೆರೆದರು. ಪರದೆ ತಪ್ಪಬಾರದೆಂದು ಶಾಲೆಯ ಮೋಟಾರ್ ಬಸ್ಸನ್ನು ಗಾಳಿಯಾಡದಂತೆ ಮುಚ್ಚಿದ್ದರು. ಒಳಗೆ ಕೂತ ಮಕ್ಕಳು ಸೆಕೆಗೆ ವಾಂತಿ ಮಾಡಿಕೊಂಡರು, ಮೂರ್ಛೆ ಹೋದರು. ಸರಿ, ಮುಚ್ಚಿದ್ದನ್ನು ತೆಗೆಸಿ ಬಟ್ಟೆಯ ಪರದೆ ಹಾಕಿಸಿದರು. ಅದು ಗಾಳಿಗೆ ಹಾರುತ್ತದೆ, ಪತ್ರಿಕೆಗಳಿಗೆ ಬರೆಯುತ್ತೇವೆ ಎಂದು ಬೆದರಿಕೆ ಕಾಗದಗಳು ಬಂದವು! ಇವತ್ತಿನ ಟ್ರೋಲ್‌ಗಳ ಅಜ್ಜಂದಿರು ಅನ್ನಿ.

ರೊಕೆಯಾ ಸುಮ್ನೆ ಕೂರಲಿಲ್ಲ. ಇದನ್ನೂ ಬರೆದು ಅಚ್ಚು ಹಾಕಿಸಿದರು. ಅವರು ತೀರಿಕೊಂಡ ಡಿಸೆಂಬರ್ 9 ಬಾಂಗ್ಲಾದೇಶದಲ್ಲಿ ಈಗಲೂ ರೊಕೆಯಾ ದಿನ.