ಸೂಪರ್‌ಚಾರ್ಜರ್ ಹಾಕಿಸಿದ ಮೇಲೆ ಕ್ಲಚ್ ಸ್ಲಿಪ್

ಪ್ರಶ್ನೆ: ಮಾನ್ಯರೇ, ಸಾವಿರ ಸಿಸಿಯ ನನ್ನ ನಾಲ್ಕು ಸಿಲಿಂಡರ್ ಬೈಕಿಗೆ ಕಳೆದ ವರ್ಷ ಬೆಲ್ಟ್‌ನಿಂದ ಓಡುವ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಹಾಕಿಸಿದ್ದೇನೆ. ಊರೊಳಗೆ ತೊಂದರೆಯಿಲ್ಲ. ಆದರೆ ವಂಟಮೂರಿ ಘಾಟ್ ಏರುವಾಗ ನಾಲ್ಕು ಅಥವಾ ಐದನೇ ಗೇರಿನಲ್ಲಿ ಪೂರ್ತಿ ಎಕ್ಸಲರೇಟರ್ ಕೊಟ್ಟರೆ ಆರ್‌ಪಿಎಂ ಜಿಗಿಯುತ್ತದೆ, ವೇಗ ಏರುವುದಿಲ್ಲ; ಸುಟ್ಟ ವಾಸನೆಯೂ ಬರುತ್ತದೆ. ಗ್ಯಾರೇಜಿನಲ್ಲಿ ಹೊಸ ಫ್ರಿಕ್ಷನ್ ಪ್ಲೇಟು ಹಾಕಿಸಿದರೂ ಕೆಲವೇ ದಿನ ಸರಿಯಿತ್ತು. ಬಿಗಿ ಸ್ಪ್ರಿಂಗ್ ಹಾಕಿಸಿದರೆ ಸಾಕೇ?
– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಬಿಗಿ ಸ್ಪ್ರಿಂಗ್ ನಿಮಗೆ ಬೇಕಾಗಬಹುದು. ಆದರೆ ಅದೊಂದನ್ನೇ ಬದಲಿಸಿದರೆ ಹೊಸ ಪ್ಲೇಟುಗಳು ಮತ್ತೊಮ್ಮೆ ಸುಡುವ ಸಾಧ್ಯತೆಯೇ ಹೆಚ್ಚು.

ಕ್ಲಚ್ ಎಷ್ಟು ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಜಾರದೆ ತಡೆದುಕೊಳ್ಳಬಲ್ಲದು ಎಂಬುದು ಸ್ಪ್ರಿಂಗಿನ ಒತ್ತಡ, ಪ್ಲೇಟುಗಳ ಸಂಖ್ಯೆ ಮತ್ತು ವ್ಯಾಸ, ಅವುಗಳ ನಡುವಿನ ಘರ್ಷಣೆ ಇವುಗಳಿಂದ ನಿರ್ಧಾರವಾಗುತ್ತದೆ. ಕವಾಸಾಕಿ ನಿಂಜಾ ಎಚ್‌2ದಂತೆ ಕಾರ್ಖಾನೆಯಲ್ಲೇ ಸೂಪರ್‌ಚಾರ್ಜರ್ ಪಡೆದು ಬರುವ ಬೈಕಿನಲ್ಲಿ ಕ್ಲಚ್ಚನ್ನೂ ಅದಕ್ಕೆ ತಕ್ಕಂತೆ ರೂಪಿಸಿರುತ್ತಾರೆ; ನಿಮ್ಮದು ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ನಿಗೆಂದು ಮಾಡಿದ ಕ್ಲಚ್. ಕೆಳಗಿನ ಗೇರುಗಳಲ್ಲಿ ಎಂಜಿನ್ ಗರಿಷ್ಠ ಟಾರ್ಕಿನ ಹಂತವನ್ನು ಕ್ಷಣದಲ್ಲಿ ದಾಟಿಬಿಡುವುದರಿಂದ ಕೊರತೆ ಗೊತ್ತಾಗುವುದಿಲ್ಲ. ಮೇಲಿನ ಗೇರಿನಲ್ಲಿ ಘಾಟ್ ಏರುವಾಗ ಅದೇ ಹಂತದಲ್ಲಿ ಬಹಳ ಹೊತ್ತು ದುಡಿಯಬೇಕಾಗುವುದರಿಂದ ಅದು ಬಯಲಾಗುತ್ತದೆ.

ಮೊದಲು ಲಿವರ್ ನೋಡಿ. ಕೇಬಲ್ ಕ್ಲಚ್ಚಾದರೆ ಲಿವರಿನಲ್ಲಿ ಸ್ವಲ್ಪ ಪ್ಲೇ, ಅಂದರೆ ಸಡಿಲು, ಇರಲೇಬೇಕು. ಹೈಡ್ರಾಲಿಕ್ ಆಗಿದ್ದು ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದಿದ್ದರೆ, ಬಿಸಿಯಾಗಿ ಹಿಗ್ಗಿದ ಫ್ಲೂಯಿಡ್‌ಗೆ ಮರಳುವ ದಾರಿ ಸಿಗದೆ ಅದು ಕ್ಲಚ್ಚನ್ನು ಅರೆಬರೆ ಒತ್ತಿ ಹಿಡಿಯುತ್ತದೆ. ಬೈಕಿನ ಕಂಪನಿಯದಲ್ಲದ ಲಿವರ್ ಹಾಕಿಸಿದ್ದರೆ ಇದನ್ನು ತಪ್ಪದೆ ಪರೀಕ್ಷಿಸಿ. ಕ್ಲಚ್ ಎಂಜಿನ್ ಆಯಿಲಿನಲ್ಲೇ ಓಡುವುದರಿಂದ ಆಯಿಲ್ ಡಬ್ಬಿಯ ಮೇಲೆ ಜಾಸೋ (ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಎಂದಿರಬೇಕು. ಎಂಬಿ ಎಂದಿರುವುದನ್ನಾಗಲಿ, ಇಂಧನ ಉಳಿಸುವ ಕಾರಿನ ಆಯಿಲನ್ನಾಗಲಿ ಹಾಕಬೇಡಿ.

ನನ್ನ ಅನುಮಾನವಿರುವುದು ಫ್ರಿಕ್ಷನ್ ಪ್ಲೇಟುಗಳ ನಡುನಡುವೆ ಕೂರುವ ಸ್ಟೀಲ್ ಪ್ಲೇಟುಗಳ ಮೇಲೆ. ನೀವು ಬದಲಿಸಿದ್ದು ಫ್ರಿಕ್ಷನ್ ಪ್ಲೇಟುಗಳನ್ನು ಮಾತ್ರ ಎಂದು ಪತ್ರದಿಂದ ತಿಳಿಯುತ್ತದೆ. ಒಮ್ಮೆ ಕಾದು ನೀಲಿಗಟ್ಟಿದ, ಬಾಗಿದ ಸ್ಟೀಲ್ ಪ್ಲೇಟಿನ ಜೊತೆ ಹೊಸ ಫ್ರಿಕ್ಷನ್ ಪ್ಲೇಟು ಕೂಡಿಸಿದರೆ ಅವು ಅಲ್ಲಲ್ಲಿ ಮಾತ್ರ ಒಂದಕ್ಕೊಂದು ತಾಗುತ್ತವೆ; ತಾಗಿದ ಜಾಗ ಮಿತಿಮೀರಿ ಕಾದು ಮೇಲ್ಮೈ ಗಾಜಿನಂತೆ ನಯವಾಗುತ್ತದೆ. ಉದ್ಯಮಬಾಗದ ಮಶೀನ್ ಶಾಪಿನಲ್ಲಿ ಸರ್ಫೇಸ್ ಪ್ಲೇಟಿನ (ನಿಖರವಾಗಿ ಸಮತಟ್ಟಾದ ಹಾಸಿನ) ಮೇಲೆ ಒಂದೊಂದನ್ನೂ ಇಟ್ಟು, ಸಂದು ಅಳೆಯುವ ಫೀಲರ್ ಗೇಜಿನಿಂದ ಬಾಗು ಅಳೆಸಿ, ಸರ್ವೀಸ್ ಮ್ಯಾನ್ಯುಯಲ್‌ನ ಮಿತಿ ಮೀರಿದ್ದನ್ನು ತೆಗೆದುಹಾಕಿ. ಎಲ್ಲ ಪ್ಲೇಟುಗಳನ್ನು ಜೋಡಿಸಿದಾಗಿನ ಒಟ್ಟು ದಪ್ಪವನ್ನೂ ಅಳೆಯಿರಿ, ಏಕೆಂದರೆ ಅದು ಕಡಿಮೆಯಾದಷ್ಟೂ ಸ್ಪ್ರಿಂಗ್ ಕಡಿಮೆ ಅಮುಕುತ್ತದೆ. ಹೆಚ್ಚಿನವರು ಇದನ್ನು ಅಳೆಯುವುದೇ ಇಲ್ಲ. ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಎಂಜಿನ್ ಆಯಿಲಿನಲ್ಲಿ ನೆನೆಸಿಯೇ ಕೂಡಿಸಬೇಕು. ಸುಟ್ಟ ಪ್ಲೇಟಿನ ಪುಡಿ ಎಂಜಿನ್ನಿನಲ್ಲೆಲ್ಲ ಸುತ್ತಿರುವುದರಿಂದ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ.

ಇಷ್ಟಾದ ಮೇಲೆ ಸ್ಪ್ರಿಂಗ್. ನಿಮ್ಮ ಬೈಕಿಗೆಂದೇ ಸಿಗುವ ಬಿಗಿ ಸ್ಪ್ರಿಂಗುಗಳನ್ನು ಹಾಕಿಸಿ. ವಾಷರ್ ತುಂಬಿ ಹಳೆಯವನ್ನು ಬಿಗಿಗೊಳಿಸುವುದು ಬೇಡ, ಲಿವರ್ ಒತ್ತಿದಾಗ ಸುರುಳಿಗಳು ಒಂದಕ್ಕೊಂದು ತಾಗಿ ಕ್ಲಚ್ ಪೂರ್ತಿ ಬಿಡದೇ ಹೋಗಬಹುದು. ಸಂತೆ ದಿನದ ಗದ್ದಲದಲ್ಲಿ ಬಿಗಿ ಲಿವರ್ ಕೈ ನೋಯಿಸುತ್ತದೆ ಎನ್ನುವುದಾದರೆ ಲಾಕ್‌ಅಪ್ ಕ್ಲಚ್ ಉತ್ತಮ: ಎಂಜಿನ್ ವೇಗ ಏರಿದಂತೆ ಅದರ ಸಣ್ಣ ತೂಕಗಳು ಹೊರಚಾಚಿ ಪ್ಲೇಟುಗಳನ್ನು ಹೆಚ್ಚು ಬಲವಾಗಿ ಒತ್ತುತ್ತವೆ, ನಿಧಾನ ವೇಗದಲ್ಲಿ ಲಿವರ್ ಹಗುರವಾಗಿಯೇ ಇರುತ್ತದೆ. ಇದು ದುಬಾರಿ, ಕ್ಲಚ್ ಕವರನ್ನೂ ಬದಲಿಸಬೇಕಾಗಬಹುದು. ಆದರೂ ನಿಮ್ಮಂಥ ಬೈಕಿಗೆ ನಾನು ಅದನ್ನೇ ಹೇಳುತ್ತೇನೆ.

ಅಲ್ಲಿಯವರೆಗೆ ಸೂಪರ್‌ಚಾರ್ಜರಿಗೆ ದೊಡ್ಡ ಪುಲ್ಲಿ ಹಾಕಿಸಿ ಬೂಸ್ಟ್ (ಗಾಳಿ ತುಂಬುವ ಒತ್ತಡ) ತಗ್ಗಿಸಿ, ಎಂಜಿನ್ನಿಗೆ ಎಷ್ಟು ಇಂಧನ ಕೊಡಬೇಕೆಂದು ನಿರ್ಧರಿಸುವ ಫ್ಯೂಯೆಲ್ ಮ್ಯಾಪನ್ನೂ ಅದಕ್ಕೆ ಹೊಂದಿಸಿಕೊಳ್ಳಿ. ಕ್ಲಚ್ ಜಾರುತ್ತಿದೆ ಎನಿಸಿದ ತಕ್ಷಣ ಎಕ್ಸಲರೇಟರ್ ಬಿಟ್ಟುಬಿಡಿ.